ಕದ್ರಿ ಗುಡ್ಡೆಯಲ್ಲಿ ದೋಣಿ ನಡೆಸಿದವರು

"ಬಟನ್ ಒತ್ತಿದ್ದು ನೀವು, ದೀಪೇಶಣ್ಣ. ನನ್ನ ಗಂಡನನ್ನು ಬಿಡಿಸಿಕೊಂಡು ಬರ್ಬೇಕಾದದ್ದೂ ನೀವೇ."

ಅಂಗಡಿಯ ಮೆಟ್ಟಿಲ ಮೇಲೆ ನಿಂತು ನಿರೀಕ್ಷಾ ಇಷ್ಟು ಹೇಳಿದಳು. ದೀಪೇಶನ ಕೈಯಲ್ಲಿದ್ದ ಸಣ್ಣ ಸ್ಕ್ರೂಡ್ರೈವರ್ ಮೇಜಿನ ಮೇಲೆ ಬಿತ್ತು. ಅವಳ ಗಂಡ ಮುಕೇಶನನ್ನು ಬೆಳಿಗ್ಗೆ ಪೊಲೀಸರು ಕರೆದುಕೊಂಡು ಹೋಗಿದ್ದರು. ಚೆನ್ನಪ್ಪ ಮಾಸ್ಟ್ರನ್ನು ದೂಡಿ ಕೊಂದ ಎಂಬುದು ಆರೋಪ.

"ಸಾಕ್ಷಿ ಯಾರು ಗೊತ್ತುಂಟಾ?" ಎಂದಳು ಅವಳು. "ನೀವು ಅಪ್‌ಡೇಟ್ ಮಾಡಿ ಕೊಟ್ಟ ವಾಚು."

ದೀಪೇಶ ಕದ್ರಿಯಲ್ಲಿ ಓಟದ ಬೂಟು, ವಾಚು ಮಾರಿ, ರಿಪೇರಿ ಮಾಡಿ ಬದುಕುತ್ತಿದ್ದವನು. ಪಾರ್ಕಿನಲ್ಲಿ ಬೆಳಿಗ್ಗೆ ಓಡುವ ಬಳಗದವರೆಲ್ಲ ಅವನಿಂದಲೇ 'ಜಿಂಕೆ' ಎಂಬ ವಾಚು ಕೊಂಡಿದ್ದರು. ಎರಡು ವಾರದ ಹಿಂದೆ ಕಂಪನಿಯಿಂದ ಹೊಸ ಅಪ್‌ಡೇಟ್ ಬಂದಾಗ ಅವನೇ ಪಾರ್ಕಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತು, "ಬನ್ನಿ, ಬನ್ನಿ, ಒಂದು ಪೈಸೆ ಖರ್ಚಿಲ್ಲದೆ ಹೊಸ ವಾಚು" ಎಂದು ಸಂತೆಯವನ ಹಾಗೆ ಕೂಗಿದ್ದ. ಎಲ್ಲರೂ ಕೈ ಚಾಚಿದರು. ಕೋಚ್ ಚೆನ್ನಪ್ಪ ಮಾಸ್ಟ್ರು ಒಬ್ಬರೇ ಕೈ ಹಿಂದೆ ಕಟ್ಟಿಕೊಂಡರು. "ಓಡುವ ಗಾಡಿಯ ಕೀಲು ಯಾಕೆ ತೆಗೀತೀ ಮಾರಾಯ? ನನ್ನದು ಹಳತೇ ಇರ್ಲಿ" ಎಂದು ನಕ್ಕಿದ್ದರು. ಆ ನಗು ಈಗ ದೀಪೇಶನಿಗೆ ನೆನಪಾಯಿತು. ಅವನು ಅಂಗಡಿಯ ಶಟರ್ ಅರ್ಧ ಎಳೆದು ನಿರೀಕ್ಷಾಳನ್ನು ಮಾಳಿಗೆಗೆ ಕರೆದೊಯ್ದ.

ಮಾಳಿಗೆಯಲ್ಲಿ ಇದ್ದದ್ದು ಉಮಾವತಿ ಶೆಟ್ಟಿ, ಊರ ಬಾಯಲ್ಲಿ ಉಮಕ್ಕ. ಕೋರ್ಟಿನಲ್ಲಿ ಕ್ರಿಮಿನಲ್ ವಕೀಲಿಕೆ ಮಾಡಿ ಕರಿ ಕೋಟು ಕಳಚಿಟ್ಟು ಬಹಳ ಕಾಲವಾಗಿತ್ತು. ಆದರೂ ಕಷ್ಟದಲ್ಲಿದ್ದವರು ಆ ಮೆಟ್ಟಿಲು ಹತ್ತುವುದು ನಿಂತಿರಲಿಲ್ಲ. ಕೆಳಗಿನ ಬಾಡಿಗೆದಾರನಾದ ದೀಪೇಶ ಅವರ ಕಾರಿನ ಡ್ರೈವರು, ಕಂಪ್ಯೂಟರಿನ ವೈದ್ಯ, ಮತ್ತು ಕೇಸು ತಲೆಗೆ ಹತ್ತದಿದ್ದಾಗ ಬೈಸಿಕೊಳ್ಳಲು ಕೈಗೆ ಸಿಗುವ ಜನ.

"ಕೂತುಕೊ ಮಗಾ, ಮೊದಲು ನೀರು ಕುಡಿ," ಎಂದರು ಉಮಕ್ಕ. "ಮತ್ತೆ ಹೇಳು, ಬುಡದಿಂದ."

ನಿರೀಕ್ಷಾ ಹೇಳಿದಳು. ಬುಧವಾರ ಬೆಳಿಗ್ಗೆ ಪಾರ್ಕಿನಲ್ಲಿ ಮುಕೇಶ ಮಾಸ್ಟ್ರ ಜೊತೆ ಜೋರು ಜಗಳ ಮಾಡಿದ್ದ. ಗುರುವಾರ ಮಾಸ್ಟ್ರು ಓಟಕ್ಕೆ ಬರಲಿಲ್ಲವೆಂದು ಬಳಗದ ಚಂಪಾ ಶಕ್ತಿನಗರದ ಅವರ ಮನೆಗೆ ಹೋಗಿ ನೋಡಿದರೆ, ಒಂಟಿ ಮುದುಕ ಹಿತ್ತಿಲಿನ ಕೆಂಪು ಕಲ್ಲಿನ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು. ತಲೆ ಬಟ್ಟೆ ಒಗೆಯುವ ಕಲ್ಲಿಗೆ ಬಡಿದಿತ್ತು. ಅಂಗಿಯ ಗುಂಡಿ ಕಿತ್ತು ಹೋಗಿದ್ದರಿಂದ ಯಾರೋ ಎಳೆದಾಡಿದ್ದಾರೆಂದು ಪೊಲೀಸರಿಗೆ ಗೊತ್ತಾಯಿತು. ಸತ್ತದ್ದು ಬುಧವಾರ ಸಂಜೆಯ ಮೇಲೆ ಎಂದರು ಡಾಕ್ಟರು. ಅದೇ ಬುಧವಾರ ಮುಸ್ಸಂಜೆಯಲ್ಲಿ ಮುಕೇಶ ಉಸಿರುಗಟ್ಟಿ ಓಡಿದನೆಂದು, ಎದೆ ನೂರ ಎಂಬತ್ತು ಬಡಿಯಿತೆಂದು, ಅವನ ವಾಚು ಬಳಗದ ಪುಟದಲ್ಲಿ ತಾನಾಗಿಯೇ ಬರೆದುಹಾಕಿತ್ತು. ಹಾಗೆ ಊರಿಗೆಲ್ಲ ಸಾರುವುದೂ ಹೊಸ ಅಪ್‌ಡೇಟಿನ ಕೊಡುಗೆಯೇ.

"ಅವರು ಓಡಲೇ ಇಲ್ಲ ಉಮಕ್ಕ. ಬಜಪೆಯಲ್ಲಿ ಏರ್‌ಪೋರ್ಟಿನ ಡ್ಯೂಟಿ ಮುಗಿಸಿ ಸ್ಕೂಟರಲ್ಲಿ ಬರ್ತಾ ಇದ್ರು. ನೋಡಿದವರು ಯಾರೂ ಇಲ್ಲ."

"ಜಗಳ ಎಂತಕ್ಕೆ?"

"ಕಪ್ಪಿಗೆ. ಈ ಸಲ ಹೆಚ್ಚು ದೂರ ಓಡಿದವರಿಗೆ ಕಪ್ ಉಂಟಲ್ಲ, ಅದು ಬಳಗದ ಅಧ್ಯಕ್ಷರು ತಾರಾನಾಥಣ್ಣನಿಗೆ ಅಂತ ಆಯ್ತು. ಭಾನುವಾರ ಅವರ ಹೋಟೆಲಿನಲ್ಲಿ ಸನ್ಮಾನ, ಬ್ಯಾನರೂ ಕಟ್ಟಿ ಆಗಿದೆ. ನನ್ನವರು ಎರಡನೆಯವರು. ಅಪ್‌ಡೇಟ್ ಆದ ಮೇಲೆ ಎಲ್ಲರ ದೂರವೂ ಅಡಿಮೇಲು, ಕೋಚ್ ಆಗಿ ನೀವು ಬಾಯಿ ಬಿಡ್ಬೇಕು ಅಂತ ಮಾಸ್ಟ್ರಿಗೆ ಹೇಳಿದ್ದು. ಸ್ವಲ್ಪ ಜೋರಾಗಿ ಹೇಳಿದ್ದು."

ಉಮಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಎತ್ತು ಕರು ಹಾಕಿತು ಅಂತ ವಾಚು ಹೇಳಿದ್ರೆ ಪೊಲೀಸರು ಕೊಟ್ಟಿಗೆಯಲ್ಲಿ ಕಟ್ಟಿಯೇ ಬಿಟ್ರಾ? ದೀಪೇಶ್, ಆ ಅಪ್‌ಡೇಟನ್ನು ಹಿಂದಕ್ಕೆ ತೆಗೀಲಿಕ್ಕೆ ಆಗ್ತದಾ?"

"ಇಲ್ಲ ಉಮಕ್ಕ," ಎಂದ ದೀಪೇಶ ನೆಲ ನೋಡುತ್ತ. "ಒಮ್ಮೆ ಹಾಕಿದ ಮೇಲೆ ಹಿಂದೆ ಹೋಗ್ಲಿಕ್ಕಿಲ್ಲ."

"ಹಾಗಾದ್ರೆ ಮುಂದೆಯೇ ಹೋಗುವ. ವಾಚಿನ ತಕರಾರು ಇದ್ದವರನ್ನೆಲ್ಲ ಮಧ್ಯಾಹ್ನ ಅಂಗಡಿಗೆ ಕರಿ."

ಕರೆಯುವುದೇನು, ಹತ್ತು ದಿನದಿಂದ ಅವರೇ ಅವನ ಜೀವ ತಿನ್ನುತ್ತಿದ್ದರು. ಮಧ್ಯಾಹ್ನ ಅಂಗಡಿ ತುಂಬಿತು. ಉಮಕ್ಕ ಮೂಲೆಯ ಸ್ಟೂಲಿನಲ್ಲಿ ಕೂತು, ತನಗೇನೂ ತಿಳಿಯದೆಂಬಂತೆ ಎಲೆ ಅಡಿಕೆ ಜಗಿಯತೊಡಗಿದರು.

"ನಾನು ಮಣೆಯಲ್ಲಿ ತೆಂಗಿನಕಾಯಿ ಹೆರೆದ್ರೆ ಇದು ಬ್ಯಾಡ್ಮಿಂಟನ್ ಅಂತ ಬರೀತದೆ," ಎಂದಳು ಚಂಪಾ. "ಸಾರಿಗೆ ಕಾಯಿ ಹೆಚ್ಚಾದ ದಿನ ನಾನು ಊರಿಗೇ ಚಾಂಪಿಯನ್."

"ನಿಮ್ಮದು ಪರವಾಗಿಲ್ಲ," ಎಂದ ಬಂದರಿನ ಮೀನು ವ್ಯಾಪಾರಿ ಉಸ್ಮಾನ್. "ನಾನು ಸ್ಕೂಟರ್ ಬಿಟ್ರೆ ಇದು ಓಟ ಅಂತದೆ. ಹೊಂಡದ ರಸ್ತೆಯಲ್ಲಿ ಬಂದ್ರೆ ಹಾರ್ಟು ನೂರ ಎಂಬತ್ತು! ನನ್ನ ಹೆಂಡತಿ ಅದನ್ನು ನೋಡಿ ಆಸ್ಪತ್ರೆಗೆ ರಿಕ್ಷಾ ಕರೆದಾಗಿತ್ತು."

ಕಂಪನಿಯ ಪ್ರತಿನಿಧಿ ಗೌರವ್ ಬೆವರು ಒರೆಸಿಕೊಂಡ. "ಇದೆಲ್ಲ ಸಣ್ಣ ಸಮಸ್ಯೆ. ಮುಂದಿನ ಅಪ್‌ಡೇಟಿನಲ್ಲಿ ಸರಿ ಆಗ್ತದೆ."

"ಬುಧವಾರ ಸಂಜೆ ನಿಮ್ಮ ಪುಟ ಮಾತ್ರ ಖಾಲಿ ಉಂಟಲ್ಲ?" ಎಂದರು ಮೂಲೆಯಿಂದ ಉಮಕ್ಕ.

ಗೌರವ್‌ನ ಮುಖ ಬಿಳಿಚಿತು. "ಬ್ಯಾಟರಿ ಹೋಯ್ತು ಮೇಡಂ. ಅದೂ ಅಪ್‌ಡೇಟಿನ ನಂತರ ಬೇಗ ಹೋಗ್ತದೆ. ಚಹಾದ ಹೊತ್ತಿಗೆ ಮಾಸ್ಟ್ರ ಮನೆಗೆ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ? ಕಂಪನಿಗೆ ದೂರು ಕೊಡಬೇಡಿ ಅಂತ ಕೈ ಮುಗಿದೆ. ಚಹಾ ಕೊಟ್ಟು ಕಳಿಸಿದ್ರು. ಅಲ್ಲಿಂದ ಬಜಪೆಗೆ ಹೋದೆ, ನಮ್ಮ ಬಾಸನ್ನು ಕರೆದುಕೊಂಡು ಬರ್ಲಿಕ್ಕೆ."

ಆಗ ಬಾಗಿಲಲ್ಲಿ ನಿಂತಿದ್ದ ತಾರಾನಾಥಣ್ಣ ದೊಡ್ಡದಾಗಿ ನಕ್ಕರು. ಅರವತ್ತರ ಹತ್ತಿರದ ಎತ್ತರದ ಆಳು, ಹೋಟೆಲಿನ ಧಣಿ, ಚೆನ್ನಪ್ಪ ಮಾಸ್ಟ್ರಿಗೆ ಕಾಲೇಜು ದಿನದಿಂದ ಜೊತೆಗಾರ. ದಿನವೂ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಓಡುತ್ತಿದ್ದವರು. "ಪಾಪ ಆ ಹುಡುಗನನ್ನು ಬಿಡಿ ಉಮಕ್ಕ. ನನ್ನದು ಕೇಳಿ. ಬುಧವಾರ ಸಂಜೆ ಪೂರ್ತಿ ನಾನು ಮನೆಯಲ್ಲಿ ಟೀವಿ ಎದುರು ಕೂತವನು. ವಾಚು ನನ್ನನ್ನು ದೋಣಿಯಲ್ಲಿ ಕೂರಿಸಿದೆ! ರೋಯಿಂಗ್ ಅಂತೆ!"

ಎಲ್ಲರಿಗೂ ಅದು ಗೊತ್ತಿತ್ತು. ಬುಧವಾರ ತಾರಾನಾಥಣ್ಣನ ಹೆಸರಿನ ಪಕ್ಕ ಪುಟ್ಟ ದೋಣಿಯ ಚಿತ್ರ ಬಂದಾಗ, "ಕದ್ರಿ ಗುಡ್ಡೆಯ ಮೇಲೆ ಯಾವ ಹೊಳೆ ಅಣ್ಣಾ?" ಎಂದು ಚಂಪಾ ಬರೆದು ಬಳಗವೆಲ್ಲ ನಕ್ಕಿತ್ತು. ಮಾಸ್ಟ್ರು ಸತ್ತ ಸುದ್ದಿ ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಈಗ ಮತ್ತೆ ನಕ್ಕರು, ನಕ್ಕದ್ದಕ್ಕೆ ನಾಚಿ ಸುಮ್ಮನಾದರು.

ಎಲ್ಲರೂ ಹೋದ ಮೇಲೆ ಉಮಕ್ಕ ಅಂದರು: "ಈ ವಾಚು ಸುಳ್ಳುಗಾರ ಅಲ್ಲ ದೀಪೇಶ್, ಕುರುಡ. ಕೈ ಅಲ್ಲಾಡಿದ್ದು ಅದಕ್ಕೆ ಗೊತ್ತು, ಎಲ್ಲಿ, ಯಾಕೆ ಅಲ್ಲಾಡಿತು ಗೊತ್ತಿಲ್ಲ. ಮುಟ್ಟಿ ನೋಡಿ ತನಗೆ ತೋಚಿದ ಹೆಸರು ಇಡ್ತದೆ. ಕಾಯಿ ಹೆರೆದದ್ದು ನಿಜ, ಬ್ಯಾಡ್ಮಿಂಟನ್ ಅಲ್ಲ. ತಿಳೀತಾ?"

ದೀಪೇಶ ಅರ್ಧ ತಿಳಿದವನ ಹಾಗೆ ತಲೆಯಾಡಿಸಿದ. ಉಮಕ್ಕ ಹೇಳಿದಂತೆ ಬಜಪೆಗೆ ಹೋಗಿ, ಮುಕೇಶನ ಸ್ಕೂಟರಿನಲ್ಲೇ ಅದೇ ರಸ್ತೆಯಲ್ಲಿ ಬಂದ. ಅವನ ವಾಚೂ ಅದನ್ನು ಬಿರುಸಿನ ಓಟವೆಂದೇ ಬರೆಯಿತು. ಅದನ್ನು ನೋಡಿ ಇನ್‌ಸ್ಪೆಕ್ಟರ್ ಜಯ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮುಕೇಶ್ ಓಡದೆ ಇರಬಹುದು ಮೇಡಂ. ಆದರೆ ಅಲ್ಲಿ ಹೋಗಲೇ ಇಲ್ಲ ಅಂತ ಹೇಗೆ ನಂಬುವುದು? ಬೇರೆ ಯಾರು ಅಂತ ತೋರಿಸಿ."

ಅದೇ ಸಂಜೆ ಮಾಸ್ಟ್ರ ದೇಹ ಬಂತು. ದೀಪೇಶ ಚಟ್ಟಕ್ಕೆ ಹೆಗಲು ಕೊಟ್ಟ. ಚಿತೆಯ ಮುಂದೆ ನಿಂತಾಗ ಅವನಿಗೆ ಯಾರ ಮುಖ ನೋಡಲೂ ಧೈರ್ಯ ಬರಲಿಲ್ಲ. ಮುಕೇಶ ಅಲ್ಲಿರಬೇಕಿತ್ತು, ಲಾಕಪ್ಪಿನಲ್ಲಿದ್ದ. ಮನೆಗೆ ಬಂದರೆ ತಾಯಿ ವಾರಿಜಾಕ್ಷಿ ಅಂಗಳದಲ್ಲೇ ತಡೆದು ನಿಲ್ಲಿಸಿದರು.

"ಒಳಗೆ ಕಾಲಿಡ್ಬೇಡ. ಸಾವಿನ ಮನೆಯಿಂದ ಬಂದವ ನೀನು. ಬಾವಿಕಟ್ಟೆಯಲ್ಲಿ ಮಿಂದು ಬಾ."

"ಬಾತ್‌ರೂಮಿನಲ್ಲಿ ಬಿಸಿ ನೀರು ಉಂಟಲ್ಲ ಅಮ್ಮ?"

"ಬಾತ್‌ರೂಮು ಮನೆಯ ಒಳಗೆ ಅಲ್ವಾ? ಹೇಳಿದಷ್ಟು ಮಾಡು."

ಅವನು ಹಗ್ಗ ಹಿಡಿದು ಕೊಡಪಾನ ಇಳಿಸಿದ. ಸೇದಿ ಸೇದಿ ಬಟ್ಟೆಯ ಮೇಲೆಯೇ ತಲೆಗೆ ಸುರಿದುಕೊಂಡ. ನೀರು ತಣ್ಣಗಿತ್ತು, ಆದರೂ ಎದೆಯ ಉರಿ ಆರಲಿಲ್ಲ. ತಾನು ಅಷ್ಟು ಉತ್ಸಾಹ ತೋರಿಸದಿದ್ದರೆ ಮುಕೇಶ ಈಗ ಮನೆಯಲ್ಲಿ ಊಟ ಮಾಡುತ್ತಿದ್ದ ಎಂದು ನೆನೆದು ಅವನು ಬಾವಿಕಟ್ಟೆಯಲ್ಲೇ ಕೂತು ಅತ್ತುಬಿಟ್ಟ. ಮಣಿಕಟ್ಟಿನಲ್ಲಿ ವಾಚು ಏನೋ ಹೇಳಲು ಗುರ್ ಎಂದಿತು. ಅದರ ಮುಖ ನೋಡುವ ಮನಸ್ಸೂ ಅವನಿಗಿರಲಿಲ್ಲ.

ಶನಿವಾರ ಬೆಳಿಗ್ಗೆ ಉಮಕ್ಕ ಅವನ ಫೋನನ್ನು ಮೂಗಿನ ಹತ್ತಿರ ಹಿಡಿದು ಬಳಗದ ಪುಟ ಸರಿಸುತ್ತಿದ್ದವರು ತಟ್ಟನೆ ನಿಂತರು.

"ನಿನ್ನೆ ನೀನು ದೋಣಿಯಲ್ಲಿ ಎಲ್ಲಿಗೆ ಹೋದದ್ದು?"

"ದೋಣಿಯಾ? ಎಂತದು ಮಾರಾಯ್ರೆ, ನಾನು ಮಾಸ್ಟ್ರನ್ನು ಸುಡುವ ಕೆಲಸಕ್ಕೆ ಹೋದದ್ದಲ್ವಾ?"

"ಅದು ಮುಗಿಸಿ ಮನೆಗೆ ಬಂದು ಎಂತ ಮಾಡಿದೆ?"

ಹೇಳಲು ಬಾಯಿ ತೆರೆದ ದೀಪೇಶ ಹಗ್ಗ ಹಿಡಿದಿದ್ದ ತನ್ನ ಅಂಗೈ ನೋಡಿಕೊಂಡ. ಉಮಕ್ಕ ಗೆದ್ದವರ ಹಾಗೆ ನಗಲಿಲ್ಲ. ಗೊತ್ತಾಗಬಾರದ್ದು ಗೊತ್ತಾದವರ ಹಾಗೆ ಕಿಟಕಿಯ ಹೊರಗೆ ನೋಡಿದರು.

"ಮಾಸ್ಟ್ರ ವಾಚು ಜಯನ ಹತ್ತಿರ ಉಂಟು. ಚಾರ್ಜು ಹೋಗಿ ಸತ್ತ ಹಾಗೆ ಬಿದ್ದಿದೆ. ಹಳೇ ಮಾಡೆಲಿಗೆ ಚಾರ್ಜು ಮಾಡುವ ಕ್ಲಿಪ್ಪು ಸಿಗದೆ ಕಂಪನಿಗೆ ಬರೆದು ಕೂತಿದ್ದಾರೆ. ನಿನ್ನ ಹಳೇ ಸಾಮಾನಿನಲ್ಲಿ ಹುಡುಕು. ಬಿದ್ದ ಹೊತ್ತು ಗೊತ್ತಾದ್ರೆ ಸಾಕು."

*

ಭಾನುವಾರದ ಸನ್ಮಾನ ಸಂತಾಪ ಸಭೆಯಾಗಿತ್ತು. ಅಧ್ಯಕ್ಷರೆಂದು ತಾರಾನಾಥಣ್ಣ ತಮ್ಮ ಮನೆಯ ಅಂಗಳದಲ್ಲೇ ಕುರ್ಚಿ ಹಾಕಿಸಿದ್ದರು. ಮಾಸ್ಟ್ರ ಫೋಟೋಗೆ ಮಲ್ಲಿಗೆ ಹಾರ ಹಾಕಿದ್ದರು. ಪಕ್ಕದಲ್ಲಿ ಹಳೇ ಬಾವಿ, ರಾಟೆ, ಸುತ್ತಿಟ್ಟ ಹಗ್ಗ. ಇನ್‌ಸ್ಪೆಕ್ಟರ್ ಜಯ ಮುಕೇಶನನ್ನು ಕರೆತಂದಾಗ ಜನ ಗುಸುಗುಸು ಎಂದರು. ನಿರೀಕ್ಷಾ ಓಡಿಹೋಗಿ ಅವನ ಪಕ್ಕ ನಿಂತಳು. ಅವನು ದೀಪೇಶನ ಕಡೆ ನೋಡಲಿಲ್ಲ.

ಉಮಕ್ಕ ಎದ್ದು ನಿಂತರು. "ಚೆನ್ನಪ್ಪನ ಬಗ್ಗೆ ಒಳ್ಳೆ ಮಾತು ಆಮೇಲೆ ಹೇಳುವ. ಅವರನ್ನು ದೂಡಿದ್ದು ಯಾರು ಅಂತ ಮೊದಲು ಹೇಳ್ತೇನೆ." ಅವರು ಮುಕೇಶನ ಕಡೆ ಕೈ ತೋರಿಸಿದರು. "ಮುಕೇಶನ ಓಟ ಸ್ಕೂಟರಿನ ಕುಲುಕಾಟ. ದೀಪೇಶ ಅದೇ ದಾರಿಯಲ್ಲಿ ಬಂದು ನೋಡಿದ್ದಾನೆ, ಉಸ್ಮಾನನದ್ದೂ ಅದೇ ಕತೆ. ಗೌರವ್‌ನ ಪುಟ ಖಾಲಿ, ಆದರೆ ಆ ಹೊತ್ತಿನಲ್ಲಿ ಆತ ಬಜಪೆ ಏರ್‌ಪೋರ್ಟಿನ ಕ್ಯಾಮೆರಾದಲ್ಲಿದ್ದಾನೆ, ಜಯ ನೋಡಿಯಾಗಿದೆ. ಇನ್ನು ಉಳಿದದ್ದು ಒಂದು ದೋಣಿ."

ಯಾರೋ ನಗಲು ಹೋಗಿ ಕೆಮ್ಮಿದರು.

"ತಾರಾನಾಥ, ಈ ಬಾವಿಯಿಂದ ನೀರು ಸೇದುವವರು ಯಾರು?"

"ಯಾರೂ ಇಲ್ಲ. ಪಂಪು ಉಂಟಲ್ಲ," ಎಂದರು ತಾರಾನಾಥಣ್ಣ.

"ಹಗ್ಗ ಯಾಕೆ ಮತ್ತೆ?"

ತಾರಾನಾಥಣ್ಣನ ಮಗಳು ಸಂಚಿತಾ, ಏನೂ ತಿಳಿಯದೆ, ತಾನೇ ಹೇಳಿದಳು: "ಸಾವಿನ ಮನೆಗೆ ಹೋಗಿ ಬಂದ್ರೆ ಇಲ್ಲೇ ಮಿಂದು ಒಳಗೆ ಬರ್ಬೇಕು ಅಂತ ಅಜ್ಜಿಯ ಕಟ್ಟುನಿಟ್ಟು, ಆಂಟಿ. ಅದಕ್ಕೆ ಮಾತ್ರ."

"ದೀಪೇಶ್, ಸೇದು."

ದೀಪೇಶ ರಾಟೆಗೆ ಹಗ್ಗ ಹಾಕಿ ಸೇದಿದ. ಒಂದು ಕೊಡ, ಎರಡು ಕೊಡ, ಮತ್ತೆ ಮತ್ತೆ. ವಾಚು ಗುರ್ ಎಂದಿತು. ಅವನು ಕೈ ಎತ್ತಿ ಎಲ್ಲರಿಗೂ ತೋರಿಸಿದ. ಗಾಜಿನ ಮೇಲೆ ಪುಟ್ಟ ದೋಣಿ.

"ಟೀವಿ ನೋಡುವವನ ಕೈ ಹೀಗೆ ಅಲ್ಲಾಡುವುದಿಲ್ಲ," ಎಂದರು ಉಮಕ್ಕ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಕೇಳದೆ ನೀನೇ ಟೀವಿಯ ಮಾತು ತೆಗೆದೆ ತಾರಾನಾಥ. ಬುಧವಾರ ಮುಸ್ಸಂಜೆ ನೀನು ಇಲ್ಲಿ ನೀರು ಸೇದಿ ಮಿಂದದ್ದು. ಆ ದಿನ ನಿನಗೆ ಬೇಕಾದವರಲ್ಲಿ ಯಾರೂ ಸತ್ತಿರಲಿಲ್ಲ. ಚೆನ್ನಪ್ಪ ಸತ್ತದ್ದು ಊರಿಗೆ ಗೊತ್ತಾದದ್ದು ಗುರುವಾರ. ನಿನಗೆ ಬುಧವಾರವೇ ಹೇಗೆ ಗೊತ್ತಾಯ್ತು?"

"ಸೆಕೆಗೆ ಮಿಂದೆ," ಎಂದರು ಅವರು. ದನಿ ಅವರದ್ದೇ ಅಲ್ಲವೆನಿಸಿತು.

"ಅಪ್ಪಾ," ಎಂದಳು ಸಂಚಿತಾ ನಿಧಾನವಾಗಿ. "ಅವತ್ತು ಗೀಸರ್ ಹಾಳಾಗಿದೆ ಅಂದಿರಿ ನನ್ನ ಹತ್ತಿರ. ಆಮೇಲೆ ನಾನು ಅದೇ ಗೀಸರಿನ ನೀರಲ್ಲಿ ಸ್ನಾನ ಮಾಡಿದ್ದು."

ಎತ್ತರದ ಆಳು ಬಾವಿಕಟ್ಟೆಯ ಮೇಲೆ ಕುಸಿದು ಕೂತರು.

"ನಾನು ಮೋಸ ಮಾಡಲಿಲ್ಲ ಉಮಕ್ಕ. ವಾಚು ಕೊಟ್ಟ ದೂರವನ್ನು ತೆಗೆದುಕೊಂಡೆ, ಅಷ್ಟೇ. ಬ್ಯಾನರ್ ಕಟ್ಟಿದ ಮೇಲೆ ಚೆನ್ನಪ್ಪ ಬರಹೇಳಿದ. ನಾವಿಬ್ಬರೂ ಜೊತೆಗೇ ಓಡಿದ್ದಲ್ವಾ, ಅವನ ಹಳೇ ವಾಚಿನಲ್ಲಿ ನನ್ನದರ ಅರ್ಧ ಉಂಟು. 'ಮುಕೇಶ ಬೈದದ್ದು ಸರಿ, ನಾನು ಸುಮ್ಮನಿದ್ದದ್ದೇ ತಪ್ಪು. ಕಪ್ ಬಿಟ್ಟುಕೊಡು ತಾರಾ, ಇಲ್ಲದಿದ್ರೆ ಭಾನುವಾರ ನಾನೇ ಹೇಳ್ತೇನೆ' ಅಂದ. ಊರೆಲ್ಲ ಕರೆದಾಗಿತ್ತು, ಮರ್ಯಾದೆ ಹೋಗ್ತದೆ ಅಂತ ಆ ವಾಚು ಕಿತ್ತುಕೊಳ್ಳಲಿಕ್ಕೆ ಹೋದೆ. ಅವನು ಬಿಡಲಿಲ್ಲ. ದೂಡಿದೆ. ಕೊಲ್ಲಬೇಕು ಅಂತ ಅಲ್ಲ. ಬಿದ್ದ. ಕರೆದೆ, ಅಲ್ಲಾಡಿಸಿದೆ. ಮಾತಿಲ್ಲ."

"ಹಾಗೆ ಬಿಟ್ಟು ಬಂದೆ."

"ಹೆದರಿಕೆ ಆಯ್ತು. ಒಳಗೆ ಅಮ್ಮ ಇದ್ದಾರೆ, ದೇವರ ಕೋಣೆ ಉಂಟು. ಹೆಣ ಮುಟ್ಟಿದ ಮೈಯಲ್ಲಿ ಹೊಸ್ತಿಲು ದಾಟುವುದು ಹೇಗೆ?"

ಮುಕೇಶ ಆಗ ಮೊದಲ ಸಲ ಬಾಯಿ ಬಿಟ್ಟ. "ನನ್ನನ್ನು ಜೈಲಿಗೆ ಕಳಿಸುವಾಗ ಯಾವ ಹೊಸ್ತಿಲೂ ಅಡ್ಡ ಬರಲಿಲ್ಲ ನಿಮಗೆ, ಅಲ್ವಾ ತಾರಾನಾಥಣ್ಣ?"

ಜಯ ಚೀಲದಿಂದ ಮಾಸ್ಟ್ರ ವಾಚು ತೆಗೆದು ದೀಪೇಶನ ಕೈಗಿತ್ತರು. "ಬಿದ್ದ ಸಮಯ ಇದರಲ್ಲಿ ಇರಬಹುದಾ ನೋಡಿ. ಎಲ್ಲರ ಎದುರೇ ಆಗಲಿ."

ಗಾಜು ಒಡೆದ ಆ ಹಳೇ ವಾಚಿಗೆ ಅವನು ಕ್ಲಿಪ್ ಸಿಕ್ಕಿಸಿ ಲ್ಯಾಪ್‌ಟಾಪಿಗೆ ಜೋಡಿಸಿದ. ಪರದೆಯ ಮೇಲೆ ಮಾಸ್ಟ್ರ ಬುಧವಾರ ಒಂದು ಗೆರೆಯಾಗಿ ಮೂಡಿತು. ಬೆಳಗಿನ ಓಟ, ಮಧ್ಯಾಹ್ನದ ನಿದ್ದೆ, ಸಂಜೆ ಜಗಳದಲ್ಲಿ ಏರಿದ ಎದೆಬಡಿತ. ಆಮೇಲೆ ಒಂದು ದೊಡ್ಡ ಪೆಟ್ಟು. ಅಲ್ಲಿಗೆ ಗೆರೆ ಮುಗಿಯಬೇಕಿತ್ತು. ಉಮಕ್ಕನೂ ಹಾಗೆಯೇ ಎಣಿಸಿದ್ದರು. ದೀಪೇಶ ಪರದೆಯನ್ನು ಮುಂದಕ್ಕೆ ಸರಿಸಿದ. ಮತ್ತೂ ಸರಿಸಿದ. ಬಳಗದ ಪುಟ ತೆರೆದು ದೋಣಿಯ ಹೊತ್ತನ್ನೂ ಗೆರೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಇದನ್ನು ಹೇಳುವ ಕೆಲಸ ತನ್ನ ಪಾಲಿಗೆ ಬರಬಾರದಿತ್ತು ಅನ್ನಿಸಿತು.

"ಎಂತ ಉಂಟು ದೀಪೇಶ್? ಹೇಳು," ಎಂದರು ಉಮಕ್ಕ.

"ಗೆರೆ ನಿಂತಿಲ್ಲ," ಎಂದ ಅವನು. "ತಾರಾನಾಥಣ್ಣ... ನೀವು ಇಲ್ಲಿ ನೀರು ಸೇದುವಾಗ ಅಲ್ಲಿ ಮಾಸ್ಟ್ರ ಎದೆ ಬಡೀತಾ ಇತ್ತು."

ಉಮಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡರು. ಸಂಚಿತಾ ಬಾಯಿಗೆ ಕೈ ಒತ್ತಿಕೊಂಡು ಒಳಗೆ ಓಡಿದಳು. ತಾರಾನಾಥಣ್ಣ ಮಾತ್ರ ಏನೋ ಸರಿಯಾಗಿ ಕೇಳಿಸಲಿಲ್ಲವೆಂಬಂತೆ ದೀಪೇಶನನ್ನೇ ನೋಡಿದರು.

"ಬದುಕಿದ್ನಾ?"

"ಹೌದು."

"ಎಷ್ಟು ಹೊತ್ತು?"

ದೀಪೇಶನಿಗೆ ಸುಳ್ಳು ಹೇಳಬೇಕೆನಿಸಿತು. ಆದರೆ ಮಾಸ್ಟ್ರು ಅಪ್‌ಡೇಟ್ ಬೇಡವೆಂದು ಉಳಿಸಿಕೊಂಡದ್ದು ಆ ಒಂದು ನಿಜದ ಲೆಕ್ಕವನ್ನೇ. "ಯಾರಾದ್ರೂ ಒಂದು ಫೋನ್ ಮಾಡಿದ್ರೆ ಆಂಬುಲೆನ್ಸ್ ಬಂದು ಆಸ್ಪತ್ರೆಗೆ ಮುಟ್ಟಿಸುವಷ್ಟು ಹೊತ್ತು," ಎಂದ.

ತಾರಾನಾಥಣ್ಣ ಎದ್ದರು. ಜಯ ಹೆಜ್ಜೆ ಮುಂದಿಟ್ಟರು, ಆದರೆ ಅವರು ಓಡಲಿಲ್ಲ. ದೀಪೇಶ ಸೇದಿಟ್ಟ ಕೊಡದ ನೀರಿನಲ್ಲಿ ಎರಡೂ ಕೈ ಅದ್ದಿ ತಿಕ್ಕತೊಡಗಿದರು. ತಿಕ್ಕಿದರು, ಒರೆಸಿದರು, ಮತ್ತೆ ಅದ್ದಿದರು. ಒಳಗಿನಿಂದ ಮುದಿ ತಾಯಿ ತುಳುವಿನಲ್ಲಿ, ಏನದು ಸದ್ದು, ಯಾರು ಸತ್ತದ್ದು ಎಂದು ಕೇಳುತ್ತಿದ್ದರು. ಕೊನೆಗೆ ಜಯ ಅವರ ತೋಳು ಹಿಡಿದು ಕಾರಿಗೆ ಹತ್ತಿಸಿದರು.

ದೀಪೇಶ ಕ್ಲಿಪ್ ಬಿಚ್ಚಿದ. ಅಂಗಳ ಖಾಲಿಯಾಗುವವರೆಗೂ ತಲೆ ಎತ್ತಲಿಲ್ಲ. ಎತ್ತಿದಾಗ ಎದುರಿಗೆ ಮುಕೇಶ ನಿಂತಿದ್ದ.

"ಬಾ, ಹೋಗುವ," ಎಂದ ಮುಕೇಶ. "ನಿರೀಕ್ಷಾ ಊಟಕ್ಕೆ ಮಾಡಿದ್ದಾಳೆ."

"ನನ್ನ ಮೇಲೆ ಸಿಟ್ಟಿಲ್ವಾ?"

"ಸಿಟ್ಟು ಉಂಟು," ಎಂದ ಮುಕೇಶ. "ಊಟ ಮಾಡಿ ಬೈತೇನೆ."

ದೀಪೇಶ ಬಾವಿಯ ಹಗ್ಗ ಸುತ್ತಿಟ್ಟು, ಕೊಡದಲ್ಲಿ ಉಳಿದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ ಅವನ ಹಿಂದೆ ಹೋದ. ದಾರಿಯಲ್ಲಿ ಅವನ ವಾಚು ಮತ್ತೇನೋ ಹೆಸರು ಇಡಲು ಗುರ್ ಎಂದಿತು. ಅವನು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ.